ಜಗಲಿಯ ಮೇಲಿನ ಅಕ್ಷರಗಳು

ಮಲೆನಾಡಿನ ನಮ್ಮ ಮನೆಯಲ್ಲಿ ತಮ್ಮನಿಗೆ ಅಕ್ಷರ ಕಲಿಸಿದ್ದು ಒಬ್ಬರಲ್ಲ. ಬರೆಸಿದ್ದು ಅಮ್ಮ, ಬಾಯಿಪಾಠ ಮಾಡಿಸಿದ್ದು ಅಜ್ಜಿ, ಜೊತೆಗೆ ಕೂತು ದನಿಗೂಡಿಸಿದ್ದು ನಾನು.

ವಿಜಯದಶಮಿಯ ಬೆಳಿಗ್ಗೆ ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹರಿವಾಣದ ಅಕ್ಕಿಯಲ್ಲಿ ಅರಿಸಿನದ ಕೊಂಬಿನಿಂದ ‘ಶ್ರೀ’ ಬರೆಸಿದರು. ಅಲ್ಲಿಗೆ ಶಾಸ್ತ್ರ ಮುಗಿಯಿತು. ನಿಜವಾದ ಪಾಠ ಶುರುವಾದದ್ದು ಮರುದಿನ ಸಂಜೆ, ದೀಪ ಹಚ್ಚಿದ ಮೇಲೆ, ಜಗಲಿಯಲ್ಲಿ.

ಅಮ್ಮ ‘ಅ’ದಿಂದ ಆರಂಭಿಸಲಿಲ್ಲ. ಅದರ ತಿರುವುಗಳು ಪುಟ್ಟ ಬೆರಳಿಗೆ ಕಷ್ಟ. ಮೊದಲು ಸ್ಲೇಟಿನ ತುಂಬ ಸೊನ್ನೆ ಸುತ್ತಿಸಿದಳು. ಸೊನ್ನೆಗೆ ತಲೆಕಟ್ಟು ಕೊಟ್ಟರೆ ರ, ರದ ಒಳಗೊಂದು ಚುಕ್ಕೆಯಿಟ್ಟರೆ ಠ. ಆಮೇಲೆ ದ, ಅದರ ಹೊಟ್ಟೆ ಸೀಳಿದರೆ ಧ, ಅದಕ್ಕೂ ಚುಕ್ಕೆಯಿಟ್ಟರೆ ಥ. ಒಂದು ಅಕ್ಷರ ಕೈಗೆ ಹತ್ತಿದರೆ ಅದರ ಬಳಗವೆಲ್ಲ ಹಿಂದೆಯೇ ಬರುತ್ತಿತ್ತು. ‘ಬಳಪ ಒತ್ತಬೇಡ ಪುಟ್ಟಾ, ಮೆಲ್ಲಗೆ ಸುತ್ತು’ ಎನ್ನುತ್ತ ಅವನ ಮುಷ್ಟಿಯನ್ನು ತನ್ನ ಕೈಯೊಳಗೆ ಹಿಡಿದಿರುತ್ತಿದ್ದಳು. ಉಗುಳು ಹಚ್ಚಿ ಸ್ಲೇಟು ಒರೆಸಿದರೆ ಸರಸ್ವತಿಗೆ ಸಿಟ್ಟು ಬರುತ್ತದೆಂದು ಅಜ್ಜಿ ಗದರುವರು. ಹಾಗಾಗಿ ಗೋಡೆಯ ಬುಡದ ನೀರುಕಡ್ಡಿ ಕಿತ್ತು ತರುವುದು ನನ್ನ ಪಾಲಿಗೆ ಬಂದಿತ್ತು.

ಅಜ್ಜಿಯದು ಇನ್ನೊಂದು ದಾರಿ. ಹೂಬತ್ತಿ ಹೊಸೆಯುತ್ತಲೇ ‘ಅ ಅರಸ, ಆ ಆನೆ’ ಎಂದು ವರ್ಣಮಾಲೆಯ ಕ್ರಮದಲ್ಲೇ ಹೇಳಿಸುವರು. ಅದು ಮುಗಿದರೆ ಕಾಗುಣಿತ: ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ತಮ್ಮನಿಗೆ ‘ವಟ್ರಸುಳಿ’ ಬಂದರೆ ಎಲ್ಲಿಲ್ಲದ ಉತ್ಸಾಹ. ಅದನ್ನು ಕೂಗಿ ಹೇಳುವುದಕ್ಕೆಂದೇ ಕಾದಿರುತ್ತಿದ್ದ. ಹೀಗೆ ಅವನ ಕಿವಿ ಒಂದು ಕ್ರಮದಲ್ಲಿ, ಕೈ ಇನ್ನೊಂದು ಕ್ರಮದಲ್ಲಿ ಕಲಿಯಿತು. ಎರಡೂ ಒಂದೆಡೆ ಸೇರಿದ ದಿನ, ಬೆಲ್ಲ ಕಟ್ಟಿ ತಂದ ಹಳೆಯ ಪತ್ರಿಕೆಯ ಚೂರಿನ ಮೇಲೆ ಬೆರಳಿಟ್ಟು ‘ಮರ’ ಎಂದು ಓದಿದ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಅವನನ್ನು ಎತ್ತಿಕೊಂಡಳು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಮ್ಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ–ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಅಕ್ಷರಗಳನ್ನು ‘ರ, ಗ, ಸ, ದ, ಅ’ ಎಂಬ ಕ್ರಮದಲ್ಲಿ ಕಲಿಸುವುದನ್ನು ಕಂಡಾಗ ಅಮ್ಮನ ನೆನಪಾಗಿ ಮನಸ್ಸು ತುಂಬಿಬಂತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆಕೆ, ಮಗುವಿನ ಬೆರಳು ನೋಡಿಯೇ ಆ ದಾರಿ ಕಂಡುಕೊಂಡಿದ್ದಳು.

ತಮ್ಮ ಈಗ ದೂರದ ಊರಿನಲ್ಲಿದ್ದಾನೆ. ಫೋನಿನಲ್ಲಿ ಇಬ್ಬರಲ್ಲಿ ಒಬ್ಬರು ಕಾಗುಣಿತ ಎತ್ತಿಕೊಂಡರೆ ಸಾಕು, ಇನ್ನೊಬ್ಬರು ಅಜ್ಜಿಯ ರಾಗದಲ್ಲೇ ಮುಂದುವರಿಸುತ್ತೇವೆ.

ಮನೆಯಲ್ಲಿ ಪುಟ್ಟ ಮಗುವಿದ್ದವರು ದಯವಿಟ್ಟು ಸಂಜೆ ಸ್ವಲ್ಪ ಹೊತ್ತು ಟೀವಿ ಆರಿಸಿ, ಸ್ಲೇಟು ಹಿಡಿದು ಕೂರಿ. ಅಜ್ಜಿಯನ್ನೂ ಅಕ್ಕನನ್ನೂ ಜೊತೆಗೆ ಕರೆಯಿರಿ. ಮನೆಮಂದಿಯ ದನಿಯಲ್ಲಿ ಕಲಿತ ಅಕ್ಷರವನ್ನು ಮಗು ಎಂದಿಗೂ ಮರೆಯುವುದಿಲ್ಲ.