ಅಪ್ಪನ ವ್ಯಾಗನ್, ನನ್ನ ಅಳತೆ

ಹೋದ ವರ್ಷ ಆನ್‌ಲೈನಲ್ಲಿ ಹಳೇ ಹಾರ್ನ್‌ಬಿ ತಗಡಿನ ಗೂಡ್ಸ್ ವ್ಯಾಗನ್ ಒಂದನ್ನು ಕೊಂಡೆ. ಬೆಲೆ ಬರೆಯಲ್ಲ, ಮನೆಯವಳು ಈ ಅಂಕಣ ಓದ್ತಾಳೆ.

ಬಣ್ಣ ಅಲ್ಲಲ್ಲಿ ಕಿತ್ತಿದ್ದರೂ ಚೆಂದದ ವಸ್ತು. ಆದರೆ ಮೆಕ್ಯಾನಿಕಲ್ ಎಂಜಿನಿಯರ್ ಕೈಗೆ ಕ್ಯಾಲಿಪರ್ ಸಿಕ್ಕರೆ ಸುಮ್ಮನಿರ್ತಾನಾ? ಇಂಗ್ಲೆಂಡಿನ ಒ ಸ್ಕೇಲ್ ಅಂದರೆ ಅಡಿಗೆ 7 ಮಿ.ಮೀ., ಸುಮಾರು 1:43.5. ಹಳಿಯ ಅಗಲ 32 ಮಿ.ಮೀ. ಗುಣಿಸಿದರೆ 1392 ಬರುತ್ತೆ. ಅಲ್ಲಿಯ ನಿಜವಾದ ಹಳಿ 1435. ಮನೆಯೊಳಗಿನ ಗಿಡ್ಡ ತಿರುವುಗಳಲ್ಲಿ ಓಡಲಿ ಅಂತ ಇಂಥ ಆಟಿಕೆಗಳ ಉದ್ದವನ್ನೂ ಮೊಟಕು ಮಾಡ್ತಿದ್ದರು.

ಈ ಜ್ಞಾನವನ್ನೆಲ್ಲ ಹೊತ್ತುಕೊಂಡು ಭಾನುವಾರ ಮದ್ದೂರಿಗೆ ಹೋದೆ. ಅಪ್ಪ ವ್ಯಾಗನ್ ತಿರುಗಿಸಿ ನೋಡಿ, ಒಳಗೆ ಹೋಗಿ ಅಟ್ಟದಿಂದ ಇನ್ನೊಂದನ್ನು ತಂದರು. ನಾನು ಮಗುವಾಗಿದ್ದಾಗ ಅವರೇ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಲ್ಲಿ ಮಾಡಿದ್ದು. ಚಕ್ರಕ್ಕೆ ಕೋಟಿನ ಗುಂಡಿ. ಒಂದು ಬಾಗಿಲು ಇಲ್ಲ. ಅಪ್ಪ ಆಗ ಗೂಡ್ಸ್ ಶೆಡ್ಡಿನಲ್ಲಿ ಬೆಲ್ಲದ ಮೂಟೆ ಹೊರ್ತಿದ್ದರು.

"ಇದ್ಯಾವ ಸ್ಕೇಲಪ್ಪ?" ಅಂದೆ, ನಗ್ತಾ.

"ಮೊಳಕ್ಕೆ ಅರ್ಧ ಬೆರಳು."

ಮೊಳಕ್ಕೆ 24 ಬೆರಳು. ಅಂದ್ರೆ 1:48. ಅಮೆರಿಕದವರ ಒ ಸ್ಕೇಲ್ ಇದೇ! ಬೆರಗಾಯ್ತು. ಆದ್ರೂ ಚಕ್ರಗಳ ನಡುವೆ ಅಳೆದೆ: 21 ಮಿ.ಮೀ. ನಮ್ಮ ಹಳಿ 1676. 48ರಿಂದ ಭಾಗಿಸಿದರೆ 35 ಇರಬೇಕು. "ಚಕ್ರ ಪೂರ್ತಿ ಒಳಗೆ ಸೇರಿಬಿಟ್ಟಿದೆಯಲ್ಲಪ್ಪ. ಈ ಗಾಡಿ ನಿಜವಾಗ್ಲೂ ಇದ್ದಿದ್ರೆ ಶಿಂಷಾ ಸೇತುವೆ ಮೇಲೇ ಮಗುಚ್ಕೊಳ್ತಿತ್ತು" ಅಂದೆ. ತಂಗಿಯೂ ನಕ್ಕಳು.

"ನಾ ನೋಡಿದ್ದ ಗಾಡಿ ಹಂಗೇ ಇತ್ತು ಕಣ್ಲಾ" ಅಂದವರು ಅದನ್ನು ಟವೆಲ್ಲಲ್ಲಿ ಸುತ್ತಿ ಒಳಗಿಟ್ಟರು. ಊಟಕ್ಕೆ ಕೂತಾಗ ಮಾತು ಕಡಿಮೆ ಇತ್ತು.

ಎರಡು ತಿಂಗಳಾದ ಮೇಲೆ ಮಗಳನ್ನು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಮೀಟರ್‌ಗೇಜ್ ಗಾಡಿಯೊಂದರ ಎದುರು ನಿಂತಾಗ ಹೊಳೀತು. ಮೈ ಅಗಲ, ಚಕ್ರ ಒಳಗೆ. ಥೇಟ್ ಅಪ್ಪನದೇ. 1880ರ ದಶಕದಿಂದ ಬೆಂಗಳೂರು–ಮೈಸೂರು ದಾರಿ ಮೀಟರ್‌ಗೇಜೇ; ಬ್ರಾಡ್‌ಗೇಜ್ ಆಗಿದ್ದು 1990ರ ದಶಕದಲ್ಲಿ. ನಾನು ಅಪ್ಪನ ವ್ಯಾಗನ್ನನ್ನು ಇವತ್ತಿನ ಹಳಿಯ ಮೇಲೆ ನಿಲ್ಲಿಸಿ ತಪ್ಪು ಹಿಡಿದಿದ್ದೆ. 1000 ಭಾಗಿಸು 48: 20.8. ಅಪ್ಪ 0.2 ಮಿ.ಮೀ. ಮಾತ್ರ ತಪ್ಪಿದ್ದರು. ಗುಂಡಿ ಚಕ್ರದಲ್ಲಿ!

ವಾಪಸ್ ಬರ್ತಾ ಮದ್ದೂರಲ್ಲಿ ಇಳಿದೆ. ಸಾರಿ ಅನ್ನೋ ಪದ ನಮ್ಮ ಮನೇಲಿ ಬಳಕೇಲಿಲ್ಲ. "ಅಪ್ಪ, ಹಳಿ ಅಗಲ ಹೆಂಗೆ ಅಳೆದೆ?" ಅಂತಷ್ಟೇ ಕೇಳಿದೆ.

"ಮಧ್ಯಾಹ್ನ ಗಾಡಿ ಇಲ್ದಾಗ, ಮೊಣಕೈ ಊರಿ. ಎರಡು ಮೊಳ, ಮೇಲೆ ನಾಕೈದು ಬೆರಳು. ಹಳಿ ಸುಡ್ತಿತ್ತು."

ಆಮೇಲೆ ಅವರೇ ಟವೆಲ್ ಬಿಚ್ಚಿದರು. ಇಲ್ಲದ ಬಾಗಿಲು ಎಷ್ಟು ಅಗಲ ಇರಬೇಕು ಅಂತ ಕೇಳಿದೆ. ಎದ್ದು ನಿಂತು, ಹೆಗಲ ಮೇಲೆ ಮೂಟೆ ಇದ್ದ ಹಾಗೆ ಕೈ ಎತ್ತಿ, ಬಾಗಿಲಲ್ಲಿ ಅಡ್ಡ ತಿರುಗಿ ತೋರಿಸಿದರು. ನಾನು ಮೊಬೈಲಲ್ಲಿ ಬರ್ಕೊಂಡೆ.