ಅಕ್ಕನ ಹಡಗಿನ ಗಂಟು

ಶ್ರೀಮಠದ ಶಾಲೆಯ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಏಳಿಗೆಯ ವಿಷಯವಾಗಲಿ ಪೂಜ್ಯರ ದಾಸೋಹದ ವಿಷಯವಾಗಲಿ ನನಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿರುವರೆಂದು ಹಿಂದೆಗೆದೆನು. ಆದರೆ 2025ರ ಮಾಘಮಾಸದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯು ಮನಸ್ಸಿನಿಂದ ಮಾಸಿಲ್ಲ. ಅದಕ್ಕೂ ಈ ಶಾಲೆಗೂ ಸಂಬಂಧವಿಲ್ಲದಿಲ್ಲ. ಏಕೆಂದರೆ ನನ್ನನ್ನು ಈ ಶಾಲೆಗೆ ಕಳಿಸಲು ಟ್ರಂಕು ಕಟ್ಟಿದವಳ ಚೀಲವನ್ನು ಐವತ್ತಮೂರು ವರ್ಷಗಳ ತರುವಾಯ ನಾನು ಕಟ್ಟಬೇಕಾಗಿ ಬಂದಿತು. ಅವಳು ಹೊರಟಿದ್ದುದು ಕಾಶಿಗಲ್ಲ, ಶ್ರೀಶೈಲಕ್ಕಲ್ಲ, ಸಮುದ್ರಯಾನಕ್ಕೆ.

ನಮ್ಮ ಅಕ್ಕನಿಗೆ ಈಗ ಎಪ್ಪತ್ತಮೂರು ವರ್ಷ. ಹುಟ್ಟಿದ್ದು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ಸೇರಿದ್ದು ಯಲಬುರ್ಗಾ ತಾಲೂಕಿನ ಇನ್ನೊಂದು ಹಳ್ಳಿಯನ್ನು. ಎರಡೂ ಎರೆಹೊಲದ, ಮಳೆಯನ್ನೇ ನಂಬಿದ ಊರುಗಳು. ಅವ್ವ ತೀರಿಕೊಂಡ ಮೇಲೆ ನಾನು ಅಕ್ಕನ ಮನೆಯಲ್ಲಿಯೇ ಬೆಳೆದೆನು. ಅವಳ ಮಗಳು ಪುಣೆಯಲ್ಲಿ ಇಂಜಿನಿಯರಳಾಗಿದ್ದಾಳೆ. 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ವಿಹಾರದ ದೊಡ್ಡ ಹಡಗು ಹೋಗಿಬರುವ ಏರ್ಪಾಡಾಗಿದೆಯಷ್ಟೆ. ಅಂಥದೊಂದು ಪ್ರವಾಸಕ್ಕೆ ತಾಯಿಯನ್ನು ಕರೆದೊಯ್ಯಬೇಕೆಂಬುದು ಆ ಹುಡುಗಿಯ ಹಟ. ಅಕ್ಕ ಮೊದಲು ಒಲ್ಲೆನೆಂದಳು. ಆಮೇಲೆ ಗವಿಮಠದ ಜಾತ್ರೆ ಮುಗಿಯದೆ ಎಲ್ಲಿಗೂ ಬರೆನೆಂದಳು. ಜಾತ್ರೆ ಮುಗಿಯಿತು, ತೇರಿಗೆ ಉತ್ತತ್ತಿ ಎಸೆದು ಬಂದಳು, ಇನ್ನು ನೆವ ಉಳಿಯಲಿಲ್ಲ.

ಅಕ್ಕ ಕಂಡಿದ್ದ ದೊಡ್ಡ ನೀರೆಂದರೆ ಮುನಿರಾಬಾದಿನ ಆಣೆಕಟ್ಟಿನ ಹಿನ್ನೀರು. ಏರಿದ್ದ ನಾವೆಯೆಂದರೆ ಆನೆಗುಂದಿಯ ಹರಗೋಲು. ಬರಗಾಲ ಕಳೆದ ಮೇಲೆ ಒಂದೆರಡು ವರ್ಷ ಅವಳು ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳಿಗೆ ಭತ್ತದ ಸುಗ್ಗಿಗೆ ಹೋಗುತ್ತಿದ್ದಳು. ಆಗ ಹೊಳೆ ದಾಟಿ ಹಂಪಿಯ ವಿರೂಪಾಕ್ಷನ ದರ್ಶನಕ್ಕೆ ಹೋದುದುಂಟು. ಬಿದಿರು ಹೆಣೆದು ಮಾಡಿದ ಈ ದುಂಡು ಹರಗೋಲನ್ನು ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಜ ಪ್ರವಾಸಿ ಪಾಯೆಸನೂ ಕಂಡು ಬರೆದಿಟ್ಟಿದ್ದಾನೆ. ಆಗ ಅದಕ್ಕೆ ಚರ್ಮದ ಹೊದಿಕೆಯಿತ್ತು. “ಹರಗೋಲು ತಿರಗತೈತಿ, ಹಡಗೂ ಹಂಗ ತಿರಗತೈತೇನು?” ಎಂಬುದು ಅಕ್ಕನ ಮೊದಲ ಪ್ರಶ್ನೆ. ಇಲ್ಲವೆಂದೆನು. “ಅಂಬಿಗರ ಚೌಡಯ್ಯನ ಹೆಸರು ತಗೊಂಡು ಹತ್ತತೀನಿ” ಎಂದಳು.

ಮಗಳು ಪುಣೆಯಿಂದ ಉಡುಪಿನ ಪಟ್ಟಿಯೊಂದನ್ನು ಕಳಿಸಿದ್ದಳು. ಅದರಲ್ಲಿ ಹಗಲಿನ ಉಡುಪು ಬೇರೆ, ಸಂಜೆಯ ಔತಣದ ಉಡುಪು ಬೇರೆ, ತಂಪು ಕೋಣೆಗೆ ಉಣ್ಣೆಯ ಮೇಲಂಗಿ, ಜಾರದ ಪಾದರಕ್ಷೆ, ಕೊನೆಯಲ್ಲಿ ಈಜುಡುಪು! ಈ ಕೊನೆಯದನ್ನು ಓದಿ ಹೇಳಿದಾಗ ಅಕ್ಕ ನಕ್ಕ ನಗೆಗೆ ನೆರೆಮನೆಯವರು ಇಣುಕಿ ನೋಡಿದರು. ಪಟ್ಟಿಯಲ್ಲಿ ಚೂಡಿದಾರವನ್ನು ಸೂಚಿಸಿ, ಸೀರೆಯುಟ್ಟರೆ ಹಡಗಿನ ಗಾಳಿಗೆ ತೊಡಕೆಂದೂ ಬರೆದಿತ್ತು. ಇದನ್ನು ಮಾತ್ರ ನಾನು ಒಪ್ಪಲಿಲ್ಲ. ನಮ್ಮ ಅಕ್ಕ ಉಡುವುದು ಹದಿನೆಂಟು ಮೊಳದ ಇಳಕಲ್ಲ ಸೀರೆ, ಅದೂ ಕಚ್ಚೆ ಹಾಕಿ. ಆ ಕಚ್ಚೆಯಲ್ಲಿಯೇ ಅವಳು ಕಳೆ ತೆಗೆದವಳು, ಮೇವಿನ ಬಣವೆ ಏರಿದವಳು, ತುಂಬಿದ ಕೊಡ ಹೊತ್ತು ಬಾವಿಯ ಮೆಟ್ಟಿಲು ಹತ್ತಿದವಳು. ಲಕ್ಷದ್ವೀಪದ ಸುತ್ತಲೂ ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ದಡಕ್ಕೆ ತಾಗುವಂತಿಲ್ಲ. ದೂರದಲ್ಲಿ ನಿಂತು ಜನರನ್ನು ಸಣ್ಣ ದೋಣಿಗೆ ಇಳಿಸುವುದು ರೂಢಿ. ಅಲುಗುವ ಮೆಟ್ಟಿಲಿನಿಂದ ಅಲುಗುವ ದೋಣಿಗೆ ಕಾಲಿಡಬೇಕಾದ ಹೆಂಗಸಿಗೆ ನಿರಿಗೆಯ ಸೀರೆ ಅಪಾಯವೇ ಸರಿ. ಕಚ್ಚೆ ಎಂದಿಗೂ ಅಲ್ಲ. ಹಾಗೆಂದು ಪತ್ರ ಬರೆದೆನು. ಹುಡುಗಿ ವಾದಿಸಲಿಲ್ಲ.

ಎಷ್ಟು ಸೀರೆ ಎಂಬ ಪ್ರಶ್ನೆಗೆ ಎರಡು ದಿನ ಹಿಡಿಯಿತು. ಐದು ರಾತ್ರಿಗಳ ಪ್ರಯಾಣ. ಅಕ್ಕನ ಲೆಕ್ಕದಲ್ಲಿ ಎರಡೇ ಸಾಕು, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ನಮ್ಮ ಯಲಬುರ್ಗಿಯ ಬಿಸಿಲಿನಲ್ಲಿ ಆ ಲೆಕ್ಕ ಸರಿ. ಒಗೆದ ಸೀರೆ ಎರಡು ಕೈಯಲ್ಲಿ ಹಿಡಿದು ನಿಂತರೂ ಒಣಗಿಬಿಡುತ್ತದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನಾದ್ದರಿಂದ ನಾನು, ಸಮುದ್ರದ ಗಾಳಿಯಲ್ಲಿ ತೇವ ಹೆಚ್ಚೆಂದೂ, ಬಟ್ಟೆಯ ಮೇಲೆ ಕೂತ ಉಪ್ಪು ಆ ತೇವವನ್ನು ಎಳೆದುಕೊಳ್ಳುವುದೆಂದೂ, ಹತ್ತಿಯ ಸೀರೆ ಒಣಗಿಯೂ ಒಣಗದಂತೆ ಮೆತ್ತಗೆ ಉಳಿಯುವುದೆಂದೂ ವಿವರಿಸಿದೆನು. ಅಕ್ಕ ಕೇಳಿ, “ಮಳೆಗಾಲದಾಗ ಉಪ್ಪಿನ ಗಡಿಗಿ ನೀರು ಬಿಟ್ಟಂಗ ಅನ್ನು” ಎಂದಳು. ತರಗತಿಯಲ್ಲಿ ನನಗೆ ಆ ಉದಾಹರಣೆ ಹೊಳೆದಿರಲಿಲ್ಲ. ಕೊನೆಗೆ ಆರು ಸೀರೆ, ಆರು ಗುಳೇದಗುಡ್ಡದ ಖಣದ ಕುಪ್ಪಸ ಎಂದು ನಿಷ್ಕರ್ಷೆಯಾಯಿತು. ಗಂಜಿ ಹಾಕಬಾರದು, ತೇವದಲ್ಲಿ ಗಂಜಿ ನಿಲ್ಲದು, ಮೈಗೆ ಅಂಟೀತು.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಡಗಿನಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲ, ಬೆಂಕಿಯ ಭಯ. ಆದ್ದರಿಂದ ಲಿಂಗಪೂಜೆಗೆ ವಿಭೂತಿಯ ಗಟ್ಟಿ, ಒಂದು ಶುಭ್ರವಾದ ಪಾವಡ, ಸಣ್ಣ ತಂಬಿಗೆ, ಒಣಗಿದರೂ ಸಲ್ಲುವ ಬಿಲ್ವಪತ್ರೆ ಇಷ್ಟೇ. ಕಟಕ ರೊಟ್ಟಿ, ಶೇಂಗಾ ಹಿಂಡಿ ರೈಲಿನವರೆಗೆ ಮಾತ್ರ, ಮನೆಯ ಅಡಿಗೆಯನ್ನು ಹಡಗಿಗೆ ಒಯ್ಯಗೊಡುವುದಿಲ್ಲ. ದೊಡ್ಡ ಚೀಲವನ್ನು ಬಂದರಿನಲ್ಲಿಯೇ ಒಪ್ಪಿಸಬೇಕು, ಅದು ಕೋಣೆ ಸೇರಲು ತಾಸುಗಟ್ಟಲೆ ಹಿಡಿಯುವುದುಂಟು; ಆದ್ದರಿಂದ ರಕ್ತದೊತ್ತಡದ ಗುಳಿಗೆ, ಕನ್ನಡಕ, ಒಂದು ಸೀರೆ, ವಾಕರಿಕೆಗೆ ಒಣಶುಂಠಿ ಇವು ಕೈಚೀಲದಲ್ಲಿ. ಹವಾಯಿ ಚಪ್ಪಲಿ ಒದ್ದೆ ನೆಲದ ಮೇಲೆ ಜಾರುವುದರಿಂದ ಕೊಪ್ಪಳದ ಪೇಟೆಯಲ್ಲಿ ಹಿಮ್ಮಡಿಗೆ ಪಟ್ಟಿಯಿರುವ ರಬ್ಬರಿನ ಪಾದರಕ್ಷೆ ಕೊಂಡೆವು. ಕೋಣೆಯ ಬೀಗದ ಕೈಯೂ ಹಣದ ಚೀಲವೂ ಎರಡೂ ಒಂದೇ ಕಾರ್ಡಿನಲ್ಲಿರುತ್ತವೆ ಎಂದಾಗ ಅಕ್ಕ ಸೊಂಟದ ಎಲೆಯಡಿಕೆಯ ಸಂಚಿಯನ್ನು ಬಿಚ್ಚಿ, ಒಂದು ಅರೆಯನ್ನು ಖಾಲಿ ಮಾಡಿ ತೋರಿಸಿದಳು.

ಕೌದಿಯ ವಿಷಯದಲ್ಲಿ ಮಾತ್ರ ಅವಳು ಸೋಲಲಿಲ್ಲ. ಹಡಗಿನ ಕೋಣೆಯಲ್ಲಿ ಹಾಸಿಗೆ ಹೊದಿಕೆ ಎಲ್ಲವೂ ಇರುತ್ತವೆಂದೆನು. “ನಿನಗೂ ಮಠದಾಗ ಎಲ್ಲಾ ಇತ್ತು. ನಾ ಕೌದಿ ಕೊಟ್ಟು ಕಳಿಸಲಿಲ್ಲೇನು?” ಎಂದಳು.

ಆ ಟ್ರಂಕಿನ ಮಾತನ್ನು ಇಲ್ಲಿ ಹೇಳಲೇಬೇಕು. 1972ರ ಜೂನ್ ತಿಂಗಳು. ಕೊಪ್ಪಳ ಆಗ ಜಿಲ್ಲೆಯಲ್ಲ, ರಾಯಚೂರು ಜಿಲ್ಲೆಯ ತಾಲೂಕು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬರದ ಕಾಲ. ಅಕ್ಕನೂ ಮಾವನೂ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದರು. ಶ್ರೀಮಠದಲ್ಲಿ ಊಟವೂ ವಿದ್ಯೆಯೂ ಸಿಗುವುದೆಂದು ಕೇಳಿ, ಹನ್ನೆರಡು ವರ್ಷದ ನನ್ನನ್ನು ಕಳಿಸಲು ನಿಶ್ಚಯಿಸಿದಳು. ತಗಡಿನ ಟ್ರಂಕಿನಲ್ಲಿ ಎರಡು ಅಂಗಿ, ಎರಡು ಚಡ್ಡಿ, ಒಂದು ತಾಟು, ಒಂದು ಚರಿಗೆ. ಅಡಿಯಲ್ಲಿ ಅವ್ವನ ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ. ಜಲ್ಲಿ ಒಡೆದು ಬೆರಳು ಸೀಳಿದ್ದ ಕೈಯಿಂದ ರಾತ್ರಿ ಬುಡ್ಡಿಯ ಬೆಳಕಿನಲ್ಲಿ ಹೊಲಿದದ್ದು. ಪ್ರಸಾದ ನಿಲಯದ ನನ್ನ ಸಹಪಾಠಿಗಳಲ್ಲಿ ಕೆಲವರಿಗೆ ಅದರ ನೆನಪಿರಬಹುದು. ಚಳಿಗಾಲದಲ್ಲಿ ಮೂವರು ಅದರೊಳಗೆ ಮಲಗಿದ್ದೇವೆ. ಕೌದಿ ಹಡಗಿಗೆ ಹೋಯಿತು.

ಇನ್ನು ಮುಖ್ಯವಾದ ಸಂಗತಿ. ಹೊರಡುವ ಎರಡು ದಿನ ಮೊದಲು ಮಗಳು ಊರಿಗೆ ಬಂದಳು. ಆರು ಸೀರೆ ಆರಿಸಲು ಅಕ್ಕನ ಟ್ರಂಕನ್ನು ತೆರೆದೆವು. ಮಾವ ತೀರಿಕೊಂಡದ್ದು 2013ರಲ್ಲಿ. ಅಲ್ಲಿಂದೀಚೆಗೆ ಪ್ರತಿ ದೀಪಾವಳಿಗೆ ನಾನು ಅವಳಿಗೊಂದು ಸೀರೆ ತಂದುಕೊಡುತ್ತ ಬಂದವನು. ಅವುಗಳಲ್ಲಿ ಕೆಲವು ಉಟ್ಟು ಮಾಸಿದ್ದವು, ಕೆಲವು ಮದುವೆ-ಕುಬಸಗಳಲ್ಲಿ ಬೇರೆಯವರ ಕೈ ಸೇರಿದ್ದವು, ಉಳಿದವು ಮಡಿಕೆ ಮುರಿಯದೆ ಇದ್ದವು. ಚಾಪೆಯ ಮೇಲೆ ಸಾಲಾಗಿ ಹರವಿದಾಗ ಹುಡುಗಿ, “ಮಾಮಾ, ಎಲ್ಲಾ ಒಂದ ಬಣ್ಣ ಅದಾವಲ್ಲ!” ಎಂದಳು. ನಿಜ. ಬೂದಿ, ಕಾಫಿ, ಮಾಸಲು ನೀಲಿ, ಮತ್ತೆ ಬೂದಿ. ಅಂಗಡಿಯಲ್ಲಿ ಕುಳಿತು ಅವನ್ನು ಆರಿಸಿದವನು ನಾನೇ. ಯಾರೂ ನನಗೆ ಹೇಳಿರಲಿಲ್ಲ. ಗಂಡ ಸತ್ತವಳಿಗೆ ಇಂಥದೇ ಬಣ್ಣವೆಂದು ನನ್ನ ಕೈಗೆ ತಾನಾಗಿ ತಿಳಿದಿತ್ತು.

ಟ್ರಂಕಿನ ತಳದಲ್ಲಿ ಬಿಳಿಯ ಬಟ್ಟೆಯಲ್ಲಿ ಕಟ್ಟಿದ ಗಂಟೊಂದಿತ್ತು. ಮಗಳು ತಿಳಿಯದೆ ಬಿಚ್ಚಿದಳು. ದಟ್ಟ ಹಸಿರಿನ ಇಳಕಲ್ಲ ಸೀರೆ, ಚಿಕ್ಕಿ ಪರಾಸಿನ ದಡಿ, ಕೆಂಪು ಸೆರಗಿನ ಮೇಲೆ ಬಿಳಿಯ ಟೋಪ ತೆನೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಯೆಳೆಯಾಗಿ ಕೊಂಡಿ ಹಾಕಿ ನೇಯ್ದ, ಅಸಲಾದ ಕೈಮಗ್ಗದ ಸೀರೆ. ಜೊತೆಗೆ ಒಂದು ವಿಭೂತಿಯ ಗಟ್ಟಿ, ಹೊಸ ಶಿವದಾರ, ಅಯ್ಯನವರ ಪಾದಪೂಜೆಗೆಂದು ಮಡಿಚಿಟ್ಟ ನೋಟುಗಳು. ನನಗೆ ಕೂಡಲೆ ಅರ್ಥವಾಯಿತು. ಪುಣೆಯ ಹುಡುಗಿಗೆ ಆಗಲಿಲ್ಲ. “ಅವ್ವಾ, ಇದರಷ್ಟು ಚೆಂದಂದು ಒಂದೂ ಇಲ್ಲ. ಸಂಜಿ ಊಟಕ್ಕ ಇದನ್ನ ಉಟಗೊ” ಎಂದಳು. ಅಕ್ಕ ಅಡಿಕೆ ಕತ್ತರಿಸುತ್ತಿದ್ದವಳು ತಲೆಯೆತ್ತದೆ, “ಅದು ನಾ ಮಣ್ಣಿಗೆ ಹೋಗೂ ದಿನಾ ಉಡಸೂದು. ಕಟ್ಟಿಡು” ಎಂದಳು.

ಮಾವ ತೀರಿಕೊಂಡ ದಿನ ಪೇಟೆ ಮುಚ್ಚಿತ್ತು. ಹೊಸ ವಸ್ತ್ರಕ್ಕಾಗಿ ಅಂಗಡಿಕಾರರ ಮನೆಯ ಬಾಗಿಲು ಬಡಿದು ತರಬೇಕಾಯಿತು. ಅಂಥ ಪರದಾಟ ಮಕ್ಕಳಿಗೆ ಬೇಡವೆಂದು ಅವಳು ಎಮ್ಮೆ ಮಾರಿದ ಹಣದಲ್ಲಿ ತಾನೇ ಇಳಕಲ್ಲಿಗೆ ಹೋಗಿ ಕೊಂಡು ತಂದಿದ್ದಳಂತೆ. ಹಸಿರನ್ನೇ ಏಕೆ ಆರಿಸಿದೆ ಎಂದು ಆ ರಾತ್ರಿ ಮೆಲ್ಲನೆ ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಸರು ಅಂದ್ರ ನನಗ ಸಣ್ಣಾಕಿದ್ದಾಗಿಂದ ಜೀವ. ಸತ್ತಮ್ಯಾಲ ಉಟ್ಟರ ಯಾರು ಏನಂತಾರ?” ಎಂದಳು.

ಬಸವ ಜಯಂತಿಯ ವೇದಿಕೆಗಳಲ್ಲಿ ನಾನು ಎಷ್ಟೋ ಸಲ ಮಾತನಾಡಿದ್ದೇನೆ. ಶರಣರು ಹೆಣ್ಣಿಗೆ ಸೂತಕವಿಲ್ಲವೆಂದರು, ಲಿಂಗ ಕಟ್ಟಿದವಳಿಗೆ ಮೈಲಿಗೆ ಇಲ್ಲವೆಂದರು ಎಂದು ಗಂಟಲು ಬಿರಿಯುವಂತೆ ಹೇಳಿದ್ದೇನೆ. ಈ ಶಾಲೆಯ ಸಭಾಂಗಣದಲ್ಲಿಯೂ ಹೇಳಿದ್ದೇನೆ, ಚಪ್ಪಾಳೆಯನ್ನೂ ಪಡೆದಿದ್ದೇನೆ. ಊರಿನ ಕಣ್ಣಿಗೆ ಅಂಜಿ ನನ್ನ ಅಕ್ಕ ತನಗೆ ಪ್ರಿಯವಾದ ಬಣ್ಣವನ್ನು ಸಾವಿನವರೆಗೆ ಮುಂದೂಡಿದ್ದಳು. ಆ ಊರಿನ ಕಣ್ಣಿನಲ್ಲಿ ನನ್ನದೂ ಒಂದಾಗಿತ್ತು. ಅಂದು ನಿದ್ರೆ ಬರಲಿಲ್ಲ. ಏನಾದರೂ ಹೇಳಬೇಕೆಂದು ಎರಡು ಸಲ ಎದ್ದು ಕುಳಿತೆನು. ಹೇಳುವ ಮುಖವಿರಲಿಲ್ಲ.

ಬೆಳಿಗ್ಗೆ ಪೂಜೆ ಮುಗಿಸಿ ಅಕ್ಕ ತಾನೇ ಟ್ರಂಕು ತೆರೆದಳು. ಚೀಲದಿಂದ ಬೂದಿ ಬಣ್ಣದ್ದೊಂದನ್ನು ತೆಗೆದು ಹೊರಗಿಟ್ಟು, ಹಸಿರು ಸೀರೆಯನ್ನು ಅದರ ಸ್ಥಳದಲ್ಲಿ ಇರಿಸಿದಳು. ವಿಭೂತಿ, ಶಿವದಾರ, ನೋಟುಗಳನ್ನು ಮತ್ತೆ ಬಿಳಿಯ ಬಟ್ಟೆಯಲ್ಲಿ ಕಟ್ಟಿ ತಳಕ್ಕಿಟ್ಟಳು. “ಅಲ್ಲಿ ನಮ್ಮೂರವರು ಯಾರಿರತಾರ ತಮ್ಮಾ?” ಎಂದಳು. ಯಾರೂ ಇರುವುದಿಲ್ಲವೆಂದೆನು. ಚೀಲದ ಜಿಪ್ಪು ಎಳೆಯಲು ಅವಳಿಗೆ ಬಾರದಾದ್ದರಿಂದ ನಾನೇ ಎಳೆದೆನು.

ಹುಬ್ಬಳ್ಳಿಯ ದಾರಿಯಾಗಿ ಮುಂಬಯಿಗೆ ಹೋದರು. ಹಡಗಿನ ವೃತ್ತಾಂತವನ್ನು ಅವಳ ಬಾಯಿಂದಲೇ ಕೇಳಬೇಕು. ನಾನು ಬರೆದರೆ ರಸ ಕೆಡುವುದು. ಮೊದಲ ರಾತ್ರಿ ತಲೆ ತಿರುಗಿತಂತೆ, ಶುಂಠಿ ಕೆಲಸ ಮಾಡಿತಂತೆ. ದ್ವೀಪದಲ್ಲಿ ದೋಣಿಗೆ ಇಳಿಯುವಾಗ ಜೀನ್ಸು ತೊಟ್ಟವರು ತಡವರಿಸಿದರೆ ಅಕ್ಕ ಕಚ್ಚೆ ಬಿಗಿದು ಯಾರ ಕೈಯನ್ನೂ ಹಿಡಿಯದೆ ಇಳಿದಳಂತೆ. ಉಣ್ಣೆಯ ಮೇಲಂಗಿ ಬೇಕಾಗಲಿಲ್ಲ, ಕೌದಿಯೇ ಸಾಕಾಯಿತು. ಒಯ್ದ ಸೀರೆಗಳಲ್ಲಿ ಮೂರು ಮಡಿಕೆ ಮುರಿಯದೆ ಹಿಂದಿರುಗಿದವು. ನನ್ನ ವಿಜ್ಞಾನದ ಲೆಕ್ಕ ತಪ್ಪಿತೇ ಎಂದರೆ ಹಾಗಲ್ಲ, ಹಸಿರು ಸೀರೆಯನ್ನೇ ಮೂರು ಸಂಜೆ ಉಟ್ಟಿದ್ದಳು.

ಬಂದವಳು ಅದನ್ನು ಎರಡು ಸಲ ಸಿಹಿನೀರಿನಲ್ಲಿ ಜಾಲಾಡಿ, ಹಿತ್ತಲಲ್ಲಿ ಅಲ್ಲ, ಅಂಗಳದ ಹಗ್ಗಕ್ಕೆ ಹರವಿದಳು. ಆ ವರ್ಷದ ಬಸವ ಜಯಂತಿಗೆ ಅದನ್ನುಟ್ಟು ನನ್ನೊಡನೆ ಶ್ರೀಮಠಕ್ಕೆ ಬಂದಳು. ಒಬ್ಬಿಬ್ಬರು ತಿರುಗಿ ನೋಡಿದರು. ಪ್ರಸಾದದ ಪಂಕ್ತಿಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಸೆರಗನ್ನು ಕೈಯಲ್ಲಿ ಹಿಡಿದು ನೋಡಿ, ಎಲ್ಲಿ ಕೊಂಡಿರೆಂದು ಕೇಳಿದಳು. ಅಕ್ಕ ಇಳಕಲ್ಲಿನ ಓಣಿಯ ಗುರುತನ್ನೆಲ್ಲ ವಿವರವಾಗಿ ಹೇಳಿದಳು.

ಮನೆಗೆ ಬರುವಾಗ ಬಸ್ಸಿನಲ್ಲಿ, “ಇದು ಉಟ್ಟು ರೂಢಿ ಆತು. ಮಣ್ಣಿಗೆ ಬ್ಯಾರೆ ಒಂದು ತಂದಿಡು. ಅವಸರ ಏನಿಲ್ಲ” ಎಂದಳು. ಭಾಗ್ಯನಗರದ ಮಗ್ಗದವರಲ್ಲಿ ಒಮ್ಮೆ ವಿಚಾರಿಸಿ ಬಂದಿದ್ದೇನೆ. ಯಾವ ಬಣ್ಣವೆಂದು ಅವಳನ್ನು ಇನ್ನೂ ಕೇಳಿಲ್ಲ.