ಚಿಕ್ಕಪ್ಪನ ಉದ್ರಿ ಲೆಕ್ಕ, ನಾನು ತೆಗೆದುಹಾಕಿದ ಹಳೇ ಲೈಬ್ರರಿ

“ಮಗಾ, ಲೆಕ್ಕದ್ದು ಓಪನ್ನೇ ಆಗ್ತಿಲ್ಲ ಕಣಮ್ಮ. ಇಲ್ಲಿ ಅರಕಲಗೂಡು ಕಡೆಯವರೊಬ್ರು ದುಡ್ಡು ಹಿಡ್ಕೊಂಡು ಕೂತವ್ರೆ.”

2024ರ ನವೆಂಬರ್‌ನ ಒಂದು ಶನಿವಾರ ಬೆಳಗ್ಗೆ ಹೊಳೆನರಸೀಪುರದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಅವರದು ಬೀಜ, ಗೊಬ್ಬರದ ಅಂಗಡಿ. ಆಲೂಗಡ್ಡೆ, ಜೋಳ, ಹೊಗೆಸೊಪ್ಪು ಬೆಳೆಯೋರು ಬಿತ್ತನೆ ಹೊತ್ತಿಗೆ ಉದ್ರಿ ತಗೊಂಡು ಹೋಗ್ತಾರೆ, ಬೆಳೆ ಮಾರಿದ ಮೇಲೆ ತೀರಿಸ್ತಾರೆ. ಆ ಲೆಕ್ಕದ ಪ್ರೋಗ್ರಾಂ ಬರೆದವಳು ನಾನೇ. 2010ರಲ್ಲಿ ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗ, ಸಿ ಭಾಷೆಯಲ್ಲಿ, ಜಿಟಿಕೆ 2 ಅನ್ನೋ ಲೈಬ್ರರಿ ಬಳಸಿ ಬರೆದಿದ್ದೆ.

ಲೈಬ್ರರಿ ಅಂದ್ರೆ ಇಲ್ಲಿ ಪುಸ್ತಕದ ಮನೆ ಅಲ್ಲ. ಊರಿಗೆಲ್ಲ ಸೇರಿದ ಮದುವೆ ಪಾತ್ರೆಗಳಿದ್ದ ಹಾಗೆ. ಪ್ರತಿ ಪ್ರೋಗ್ರಾಮೂ ಕಿಟಕಿ, ಬಟನ್ನು, ಅಕ್ಷರ ಬಿಡಿಸೋ ಕೆಲಸವನ್ನು ತಾನೇ ಮಾಡಿಕೊಳ್ಳಲ್ಲ. ಎಲ್ಲರಿಗೂ ಸೇರಿದ ಪಾತ್ರೆಯಿಂದ ತಗೊಳ್ಳುತ್ತೆ. ಆದರೆ ಹೆಸರು, ನಂಬರು ಸರಿಯಾಗಿ ಹೊಂದಬೇಕು. ಜಿಟಿಕೆ 2 ಕೇಳಿದ ಪ್ರೋಗ್ರಾಂಗೆ ಜಿಟಿಕೆ 3 ಕೊಟ್ಟರೆ ಆಗಲ್ಲ.

ಅಂಗಡಿಯ ಕಂಪ್ಯೂಟರು ಹಳೇದು, ಮೆಮೊರಿ ಕಡಿಮೆ. ಹಾಗಾಗಿ ಅದರಲ್ಲಿ ನಾನೇ ಕಂಪೈಲ್ ಮಾಡಿದ ಲಿನಕ್ಸ್ ಹಾಕಿದ್ದೆ. ‘ಲಿನಕ್ಸ್ ಫ್ರಂ ಸ್ಕ್ರ್ಯಾಚ್’ ಅಂತ ಒಂದು ಕೈಪಿಡಿ ಇದೆ. ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಶುರು ಮಾಡಿದ್ದು. ಕಂಪೈಲರ್‌ನಿಂದ ಹಿಡಿದು ಪ್ರತಿಯೊಂದನ್ನೂ ಮೂಲ ಕೋಡಿನಿಂದ ನಾವೇ ಕಟ್ಟಿಕೊಳ್ಳೋದು ಹೇಗೆ ಅಂತ ಹೇಳಿಕೊಡುತ್ತೆ. ಬೇಡದ್ದು ಒಂದೂ ಇರಲ್ಲ, ಹಳೇ ಮೆಷಿನ್ನೂ ಹಗುರವಾಗಿ ಓಡುತ್ತೆ. ಈ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷ ದಸರಾ ರಜೆಯಲ್ಲಿ ಊರಿಗೆ ಹೋದಾಗ ಇಡೀ ಸಿಸ್ಟಂ ಹೊಸದಾಗಿ ಕಟ್ಟಿ ಹಾಕಿ ಬಂದಿದ್ದೆ. ಜಿಟಿಕೆ 2 ಬಿಟ್ಟಿದ್ದೆ. ಕಾರಣ ಸರಿಯಾಗೇ ಇತ್ತು. 2002ರಲ್ಲಿ ಬಂದ ಆ ಸರಣಿಯನ್ನು, 2020ರ ಡಿಸೆಂಬರ್‌ನಲ್ಲಿ ಜಿಟಿಕೆ 4 ಬಂದಾಗ, ಮಾಡಿದವರೇ ನಿಲ್ಲಿಸಿದ್ದಾರೆ. ಇನ್ನು ತೂತು ಕಂಡರೂ ಮುಚ್ಚೋರಿಲ್ಲ. ಹಳೇದು ಯಾಕೆ ಅಂತ ಕಿತ್ತೆ. ಬ್ರೌಸರ್ ಓಪನ್ ಆಯ್ತು, ಪ್ರಿಂಟರ್ ಓಡ್ತು, ಬಸ್ ಹತ್ತಿದೆ. ಹಬ್ಬದಲ್ಲಿ ಅಂಗಡಿ ಮುಚ್ಚಿತ್ತು. ಲೆಕ್ಕದ ಪ್ರೋಗ್ರಾಂ ಒಂದು ಸಲ ತೆರೆದು ನೋಡಲೇ ಇಲ್ಲ.

ಚಿಕ್ಕಪ್ಪ ಒಂದು ತಿಂಗಳು ಚೀಟಿಯಲ್ಲೇ ಬರೆದುಕೊಂಡು ಸುಮ್ಮನಿದ್ದರಂತೆ, ನನಗೆ ತೊಂದರೆ ಯಾಕೆ ಅಂತ. ಈಗ ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪು ಮಾರಿದ ರೈತರೊಬ್ಬರು ಬಾಕಿ ಚುಕ್ತಾ ಮಾಡೋಕೆ ಬಂದಿದ್ದರು. ಚಿಕ್ಕಪ್ಪನ ನೆನಪಿನಲ್ಲಿ ಬಾಕಿ 18,000. ಅವರು ಹೇಳೋದು 10,000. ಯುಗಾದಿ ಮುಂದೆ 8,000 ಕೊಟ್ಟಿದ್ದೀನಿ ಅಂತ. ರಸೀತಿ ಇಬ್ಬರ ಹತ್ತಿರವೂ ಇಲ್ಲ. ಹತ್ತು ವರ್ಷದ ಗಿರಾಕಿ. “ನಾಳೆ ಬರ್ತೀನಿ, ನೋಡಿಡಿ” ಅಂತ ಎದ್ದು ಹೋದರಂತೆ. ಹಾಗೆ ಹೇಳುವಾಗ ಚಿಕ್ಕಪ್ಪನ ದನಿ ಚಿಕ್ಕದಾಗಿತ್ತು.

ಲೆಕ್ಕದ ಫೈಲು ಎಲ್ಲೂ ಹೋಗಿರಲಿಲ್ಲ. ಆದರೆ ಓದುವಾಗ ನಾನು ಮಾಡಿದ್ದ ಇನ್ನೊಂದು ತಪ್ಪು, ಆ ಫೈಲನ್ನು ನನ್ನ ಪ್ರೋಗ್ರಾಂ ಬಿಟ್ಟರೆ ಬೇರೆ ಯಾವುದೂ ಓದಲಾಗದ ರೀತಿ ಬರೆದಿದ್ದು. ಪ್ರೋಗ್ರಾಂ ಅನ್ನೇ ಹೊಸ ಜಿಟಿಕೆಗೆ ಬದಲಿಸಲು ವಾರಗಟ್ಟಲೆ ಬೇಕು. ಹಳೇ ಲೈಬ್ರರಿ ವಾಪಸ್ ಕಟ್ಟೋದೊಂದೇ ದಾರಿ.

ಮಾಮೂಲಿ ಲಿನಕ್ಸ್ ಆಗಿದ್ದರೆ ಹಳೇ ಲೈಬ್ರರಿ ಉಳಿಸಬೇಕಾ, ಬೇಡವಾ ಅಂತ ತಲೆ ಕೆಡಿಸಿಕೊಳ್ಳೋರು ಬೇರೆ ಇರ್ತಾರೆ. ನಾವೇ ಕಟ್ಟಿದ ಸಿಸ್ಟಂನಲ್ಲಿ ಆ ಕೆಲಸವೂ ನಮ್ಮದೇ. ಅಂಗಡಿ ಸಿಸ್ಟಂನ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿತ್ತು. ಬಸ್ಸಿನಲ್ಲೇ ಶುರು ಮಾಡಿದೆ. ಕುಣಿಗಲ್ ದಾಟುವಷ್ಟರಲ್ಲಿ ಕಂಪೈಲ್ ನಿಂತುಹೋಯ್ತು. ನನ್ನ ಕಂಪೈಲರು ಜಿಸಿಸಿ 14. ಹಿಂದೆ ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿದ್ದ ಎಷ್ಟೋ ಹಳೇ ಸಿ ಅಭ್ಯಾಸಗಳನ್ನು ಅದು ತಪ್ಪು ಅಂತಲೇ ನಿಲ್ಲಿಸುತ್ತೆ. ಅವನ್ನು ಮತ್ತೆ ಎಚ್ಚರಿಕೆಗೆ ಇಳಿಸುವ ಆಯ್ಕೆ ಹುಡುಕಿ ಹಾಕಿದೆ. ಚನ್ನರಾಯಪಟ್ಟಣದಲ್ಲಿ ಇಳಿದು ಹೊಳೆನರಸೀಪುರದ ಬಸ್ಸಿಗೆ ಕಾಯುವಾಗ ಮುಗಿಯಿತು.

ಅಂಗಡಿಗೆ ಹೋಗಿ ಪೆನ್‌ಡ್ರೈವ್ ಚುಚ್ಚಿದರೆ ಪ್ರೋಗ್ರಾಂ ತೆರೆದ ತಕ್ಷಣ ಸತ್ತುಹೋಯ್ತು. ಆತುರದಲ್ಲಿ ನನ್ನ ಲ್ಯಾಪ್‌ಟಾಪಿನ ಹೊಸ ಪ್ರೊಸೆಸರ್‌ಗೆ ತಕ್ಕ ಹಾಗೆ ಕಂಪೈಲ್ ಮಾಡಿದ್ದೆ. ಅಂಗಡಿಯ ಹಳೇ ಪ್ರೊಸೆಸರ್‌ಗೆ ಆ ಆಜ್ಞೆಗಳೇ ಗೊತ್ತಿಲ್ಲ. ಮತ್ತೆ ಮೊದಲಿಂದ. ಚಿಕ್ಕಮ್ಮ ಅಲ್ಲಿಗೇ ಮುದ್ದೆ, ಸಾರು ತಂದುಕೊಟ್ಟರು. ರಾತ್ರಿ ಹತ್ತರ ಮೇಲೆ ಆ ಹಳೇ ಬೂದು ಬಣ್ಣದ ಕಿಟಕಿ ತೆರೆಯಿತು.

ಯುಗಾದಿಗೆ ಎರಡು ದಿನ ಮೊದಲಿನ ತಾರೀಖು, ಜಮಾ 8,000. ಚಿಕ್ಕಪ್ಪ ಅವತ್ತು ಹಾಸನಕ್ಕೆ ಹೋಗಿದ್ದರು. ದುಡ್ಡು ಇಸಕೊಂಡು ಬರೆದಿದ್ದು ಚಿಕ್ಕಮ್ಮ. ಹೇಳೋದು ಮರೆತಿದ್ದರು.

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಆ ಯಜಮಾನ್ರನ್ನ ಸುಳ್ಳುಗಾರ ಅನ್ನೋ ಹಾಗೆ ನೋಡ್ಬಿಟ್ಟೆ ಕಣಮ್ಮ.” ಮಾರನೇ ದಿನ ಅವರು ಬಂದಾಗ ಮೊದಲು ಕಾಫಿ ತರಿಸಿ, ತಪ್ಪಾಯ್ತು ಅಂತ ಹೇಳಿ, ಆಮೇಲೆ 10,000 ಎಣಿಸಿಕೊಂಡರು. ತಪ್ಪಾಯ್ತು ಅನ್ನಬೇಕಿದ್ದವಳು ನಾನೂ ಹೌದು. ಹೇಳಿದೆ. ಅವರಿಗೆ ಅರ್ಥ ಆಗಲಿಲ್ಲ, ನಕ್ಕರು.

ಈಗ ಆ ಲೈಬ್ರರಿ ಬೇರೆಯದೇ ಒಂದು ಫೋಲ್ಡರಿನಲ್ಲಿದೆ. ಇಡೀ ಸಿಸ್ಟಂಗೆ ಅದು ಕಾಣಲ್ಲ. ಲೆಕ್ಕದ ಪ್ರೋಗ್ರಾಂ ತೆರೆಯುವ ಚಿಕ್ಕ ಸ್ಕ್ರಿಪ್ಟ್ ಮಾತ್ರ ಅದರ ದಾರಿ ತೋರಿಸುತ್ತೆ. ಆ ಪ್ರೋಗ್ರಾಂಗೆ ಇಂಟರ್‌ನೆಟ್ ಸಿಗದ ಹಾಗೆ ಮಾಡಿದ್ದೀನಿ. ಮೂಲ ಕೋಡು, ಬಳಸಿದ ಆಯ್ಕೆಗಳು ಎಲ್ಲ ಅದರ ಪಕ್ಕದಲ್ಲೇ ಇವೆ. ಏನನ್ನಾದರೂ ಕೀಳುವ ಮುಂಚೆ ‘ಎಲ್‌ಡಿಡಿ’ ಆಜ್ಞೆ ಕೊಟ್ಟು ಯಾವ ಪ್ರೋಗ್ರಾಂ ಯಾವ ಲೈಬ್ರರಿ ಕೇಳುತ್ತೆ ಅಂತ ನೋಡ್ತೀನಿ. ಎರಡೇ ನಿಮಿಷದ ಕೆಲಸ. ಪ್ರತಿ ತಿಂಗಳ ಕೊನೆಗೆ ಇಡೀ ಲೆಕ್ಕ ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಸಾದಾ ಫೈಲಿಗೆ ಇಳಿಯುತ್ತೆ, ಒಂದು ಪ್ರಿಂಟೂ ಬರುತ್ತೆ.

ಲಿನಕ್ಸ್ ಗೊತ್ತಿಲ್ಲದವರ ಮನೆಯಲ್ಲೂ ಇಂಥದ್ದು ಇರುತ್ತೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದಲ್ಲಿ ಅಪ್ಪನೋ ಮೇಷ್ಟ್ರೋ ಟೈಪ್ ಮಾಡಿಟ್ಟ ಫೈಲುಗಳು, ಆ ಹಳೇ ಫಾಂಟ್ ಇಲ್ಲದಿದ್ದರೆ ಬರೀ ಗೋಜಲು. ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುಂಚೆ ಅವನ್ನು ತೆರೆದು, ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ.

ನಾನು ಹೊಸ ಪ್ರೋಗ್ರಾಂ ಬರೀತಿದ್ದೀನಿ, ಅರ್ಧ ಆಗಿದೆ. ಮೊನ್ನೆ ಕೇಳಿದೆ, “ಇದು ಮುಗಿದ ಮೇಲೆ ಹಳೇದನ್ನ ತೆಗೀಲಾ ಚಿಕ್ಕಪ್ಪ?”

“ತೆಗಿ, ಬೇಡ ಅನ್ನಲ್ಲ. ಆದ್ರೆ ಒಂದು ವರ್ಷ ಎರಡೂ ಇರ್ಲಿ. ಒಂದು ಬೆಳೆ ಬಂದು ಹೋಗ್ಲಿ.”